ಮ್ಯೂಸಿಕ್ ಪೀರಿಯಡ್‌ಗೆ ಗಣಿತದ ಮೇಷ್ಟ್ರು

ಮೊನ್ನೆ ಮಗಳ ಸ್ಕೂಲಲ್ಲಿ ಆನ್ಯುವಲ್ ಡೇ. ಮುಖ್ಯ ಅತಿಥಿಗಳು ಮೈಕ್ ಹಿಡ್ಕೊಂಡು "ಮಕ್ಕಳ ಸರ್ವಾಂಗೀಣ ವಿಕಾಸದಲ್ಲಿ ಸಂಗೀತದ ಪಾತ್ರ" ಅಂತ ಶುರು ಹಚ್ಕೊಂಡವ್ರು ಮುಕ್ಕಾಲು ಗಂಟೆ ಬಿಡ್ಲೇ ಇಲ್ಲ. ಸಂಗೀತ ಕೇಳಿದ್ರೆ ಹಸು ಹಾಲು ಜಾಸ್ತಿ ಕೊಡುತ್ತಂತೆ, ಗಿಡ ಸರಸರ ಬೆಳೆಯುತ್ತಂತೆ, ಇನ್ನು ಮಕ್ಕಳು ಬೆಳೀದೆ ಇರ್ತಾರಾ ಅಂದು ಚಪ್ಪಾಳೆನೂ ಗಿಟ್ಟಿಸಿದ್ರು. ಸ್ಟೇಜ್ ಪಕ್ಕದಲ್ಲಿ ನಾಲ್ಕನೇ ಕ್ಲಾಸಿನ ಹನ್ನೆರಡು ಮಕ್ಕಳು ಸಮೂಹಗಾನಕ್ಕೆ ಅಂತ ರೆಡಿಯಾಗಿ ನಿಂತಿದ್ವು. ಒಬ್ಬ ಹುಡುಗನ ಪಂಚೆಗೆ ಮೂರು ಸೇಫ್ಟಿ ಪಿನ್, ಅವನು ಎರಡು ಕೈಲೂ ಸೊಂಟ ಹಿಡ್ಕೊಂಡೇ ಇದ್ದ, ಪಕ್ಕದ ಹುಡುಗಿ ಲಿಪ್‌ಸ್ಟಿಕ್ಕನ್ನ ನೆಕ್ಕಿ ನೆಕ್ಕಿ ಖಾಲಿ ಮಾಡಿದ್ಲು. ಭಾಷಣ ಮುಗಿಯೋಷ್ಟೊತ್ತಿಗೆ ಟೈಮ್ ಆಗೋಯ್ತು, ಸಮೂಹಗಾನ ಕ್ಯಾನ್ಸಲ್. ಅತಿಥಿಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಮಕ್ಕಳಿಗೆ ಒಂದೊಂದು ಫ್ರೂಟಿ.

ನಮ್ಮ ಮಗಳ ಟೈಮ್ ಟೇಬಲ್‌ನಲ್ಲಿ ಸಂಗೀತ ಇಲ್ಲ ಅಂತ ಮಾತ್ರ ಯಾರೂ ಹೇಳೋಹಾಗಿಲ್ಲ. ಶುಕ್ರವಾರ ಕೊನೇ ಪೀರಿಯಡ್, ದಪ್ಪಕ್ಷರದಲ್ಲೇ ಇದೆ. ಆದ್ರೆ ಬರೋದು ಗಣಿತದ ಮೇಷ್ಟ್ರು, ಪೋರ್ಷನ್ ಮುಗ್ದಿಲ್ಲ ಅಂತ. ಪೇರೆಂಟ್ಸ್ ಮೀಟಿಂಗಲ್ಲಿ ಕೇಳಿದ್ದಕ್ಕೆ "ಸಂಗೀತಾನೂ ಲೆಕ್ಕಾನೇ ಅಲ್ವಾ ಸಾರ್, ಏಳು ತಾಳ, ಒಂದೊಂದು ತಾಳಕ್ಕೂ ಐದು ಜಾತಿ, ಏಳೈದ್ಲೆ ಮೂವತ್ತೈದು" ಅಂದ್ರು. ನಾನು ಬಾಯಿ ಮುಚ್ಕೊಂಡೆ, ಯಾಕಂದ್ರೆ ಲೆಕ್ಕ ಸರಿಯಾಗೇ ಇತ್ತು.

ಅದ್ಬಿಟ್ರೆ ಒಂದು ಮ್ಯೂಸಿಕ್ ನೋಟ್ಸ್ ಇದೆ, ಬ್ರೌನ್ ರ‍್ಯಾಪರ್ ಹಾಕಿ ಲೇಬಲ್ ಅಂಟಿಸಿರೋದು. ಸಂಗೀತ ಎಂದರೇನು? ಗೀತ, ವಾದ್ಯ, ನೃತ್ಯ ಈ ಮೂರೂ ಸೇರಿದರೆ ಸಂಗೀತ. ಕರ್ನಾಟಕ ಸಂಗೀತ ಪಿತಾಮಹ ಯಾರು? ಪುರಂದರದಾಸರು. ಮೊದಲ ಪಾಠವಾದ ಸರಳೆ ವರಸೆ ಯಾವ ರಾಗದಲ್ಲಿದೆ? ಮಾಯಾಮಾಳವಗೌಳ. ಮಗಳು ಇದನ್ನ ಮಗ್ಗಿ ಥರ ಒದರ್ತಾಳೆ. ಸರಿ ಕಣೇ, ಒಂದು ಸರಳೆ ಹಾಡು ಅಂದ್ರೆ "ಅದು ಸಿಲಬಸ್ಸಲ್ಲಿ ಇಲ್ಲ ಅಪ್ಪಾ" ಅಂತಾಳೆ. ಸ್ಕೂಲಲ್ಲಿ ಒಂದು ಹಾರ್ಮೋನಿಯಂ ಇರೋದೂ ನಿಜ. ಹೆಡ್‌ಮಿಸ್ ರೂಮಿನ ಬೀರುವಿನ ಮೇಲೆ ಸ್ಪೋರ್ಟ್ಸ್ ಡೇ ಕಪ್ಪುಗಳ ಹಿಂದೆ ಕೂತಿದೆ, ತಿದಿಯನ್ನ ಇಲಿ ಕಡಿದಿದೆ, ಆಗಸ್ಟ್ 15ಕ್ಕೆ ಕೆಳಗಿಳಿಸಿ ಒರೆಸಿ ಹೂವು ಹಾಕಿ ಪಕ್ಕದಲ್ಲಿ ಬ್ಲೂಟೂತ್ ಸ್ಪೀಕರ್ ಇಟ್ಟು ಹಾಡು ಹಾಕ್ತಾರೆ.

ಕಾಗದದ ಮೇಲೇನೂ ಕೊರತೆ ಇಲ್ಲ ಸ್ವಾಮಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಆರರಿಂದ ಎಂಟನೇ ಕ್ಲಾಸಲ್ಲಿ 100ಕ್ಕಿಂತ ಜಾಸ್ತಿ ಮಕ್ಕಳಿದ್ರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರ್ಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಒಂದು ಹೆಜ್ಜೆ ಮುಂದೆ, ಪಠ್ಯ ಪಠ್ಯೇತರ ಅಂತ ಗೋಡೆನೇ ಬೇಡ ಅನ್ನುತ್ತೆ. ಗೋಡೆ ಒಡೆದ್ರು, ಆ ಜಾಗಕ್ಕೆ ಗಣಿತದ ಮೇಷ್ಟ್ರು ಬಂದು ಕೂತ್ರು, ಅಷ್ಟೇ.

ಇನ್ನು ನಮ್ಮಂಥ ಅಪ್ಪ ಅಮ್ಮಂದಿರ ಕಥೆ. 1993ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೇಲಿ ಒಂದೇ ಪುಟದ ಒಂದು ಲೇಖನ ಬಂತು, 36 ಕಾಲೇಜ್ ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಯುರೋಪಿನ ಸಂಗೀತಗಾರ ಮೊಜಾರ್ಟ್‌ನ ಸಂಗೀತ ಕೇಳಿಸಿದ್ರಂತೆ, ಆಮೇಲೆ ಒಂದು ಥರದ ಪಜಲ್ ಸ್ವಲ್ಪ ಚೆನ್ನಾಗಿ ಮಾಡಿದ್ರಂತೆ, ಕಾಲು ಗಂಟೇಲಿ ಆ ಬುದ್ಧಿನೂ ಇಳಿದೋಯ್ತಂತೆ. ಕಾಲೇಜ್ ಹುಡುಗ್ರು ಕಣ್ರೀ, ಕೂಸುಗಳಲ್ಲ. ಆದ್ರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ಗವರ್ನರ್ ಜೆಲ್ ಮಿಲ್ಲರ್, ಹುಟ್ಟೋ ಪ್ರತಿ ಮಗುಗೂ ಶಾಸ್ತ್ರೀಯ ಸಂಗೀತ ಹಂಚೋಕೆ 1,05,000 ಡಾಲರ್ ಕೇಳಿದ್ರು. 2010ರಲ್ಲಿ ವಿಯೆನ್ನಾದ ಸಂಶೋಧಕರು, ಅಂದ್ರೆ ಮೊಜಾರ್ಟ್ ಬಾಳಿ ಬದುಕಿದ ಊರಿನವರೇ, ಸುಮಾರು 40 ಅಧ್ಯಯನ ಗುಡ್ಡೆ ಹಾಕಿ ನೋಡಿ, ಮೊಜಾರ್ಟಲ್ಲಿ ಅಂಥ ಸ್ಪೆಷಲ್ ಏನಿಲ್ಲ ಅಂದ್ರು. ಆ ಸುದ್ದಿ ನಮ್ಮ ಅಪಾರ್ಟ್ಮೆಂಟಿಗೆ ಇನ್ನೂ ತಲುಪಿಲ್ಲ. ಎದುರುಮನೆಯವ್ರು ಮಗನ್ನ ಕೀಬೋರ್ಡ್ ಕ್ಲಾಸಿಗೆ ಸೇರಿಸೋ ಮುಂಚೆ ಮಿಸ್ ಹತ್ರ ಕೇಳಿದ್ದು ಒಂದೇ ಪ್ರಶ್ನೆ, "ಮ್ಯಾತ್ಸಲ್ಲಿ ಎಷ್ಟು ಮಾರ್ಕ್ಸ್ ಜಾಸ್ತಿ ಆಗ್ಬಹುದು?" ಹುಡುಗನಿಗೆ ಇಷ್ಟಾನಾ ಅಂತ ಅವನನ್ನ ಯಾರೂ ಕೇಳ್ಲಿಲ್ಲ ಬಿಡಿ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತ್ರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವ್ರೇ, ಕಣ್ಣಿಲ್ಲದ ಮಕ್ಕಳನ್ನ ಬಡವರ ಮಕ್ಕಳನ್ನ ಕೂರಿಸ್ಕೊಂಡು ಊಟ ಹಾಕಿ ಹಾಡು, ಹಾರ್ಮೋನಿಯಂ, ತಬಲಾ ಕಲಿಸಿದ್ರು. ಹಿಂದೂಸ್ತಾನಿ ಗಾಯಕರಾದ ಬಸವರಾಜ ರಾಜಗುರು ತಯಾರಾಗಿದ್ದು ಪಂಚಾಕ್ಷರಿ ಗವಾಯಿಗಳ ಕೈಯಲ್ಲಿ, ಇನ್ನೊಬ್ಬ ಗಾಯಕ ವೆಂಕಟೇಶ್ ಕುಮಾರ್ ಪುಟ್ಟರಾಜರ ಹತ್ರ. ಎಷ್ಟೋ ಮಕ್ಕಳು ಅಲ್ಲಿಂದ ಹೊರಗೆ ಬಂದು ಸ್ವಂತ ಕಾಲ ಮೇಲೆ ನಿಂತ್ರು. ಸಂಗೀತದಿಂದ ಸಾಮಾಜಿಕ ವಿಕಾಸ ಅಂತ ಭಾಷಣ ಮಾಡೋರು ಒಂದ್ಸಲ ಗದಗಿನ ಬಸ್ ಹತ್ತಿದ್ರೆ ಮುಕ್ಕಾಲು ಗಂಟೆ ಉಳೀತಿತ್ತು, ಪಾಪ ಆ ಪಂಚೆ ಹುಡುಗನೂ ಹಾಡ್ತಿದ್ದ.

ಹೋದ ವಾರ ರಿಪೋರ್ಟ್ ಕಾರ್ಡ್ ಬಂತು. ಸಂಗೀತ, ಎ ಪ್ಲಸ್. ಇದೇನ್ ಮೇಡಂ ಅಂದ್ರೆ ಹೆಡ್‌ಮಿಸ್ ನಕ್ಕು "ಎಲ್ಲಾ ಮಕ್ಕಳಿಗೂ ಎ ಪ್ಲಸ್ಸೇ ಸಾರ್, ಯಾಕೆ ಬೇಜಾರು ಮಾಡ್ಬೇಕು" ಅಂದ್ರು. ಕಾಲು ಮುರ್ಕೊಂಡು ಆರು ತಿಂಗಳು ಸ್ಕೂಲಿಗೇ ಬರದ ಒಬ್ಬ ಹುಡುಗ ಇದ್ದಾನಲ್ಲ, ಅವನಿಗೆ?

"ಅವನಿಗೂ ಎ ಪ್ಲಸ್ಸೇ. ಬಂದಿರೋರು ಕಲ್ತಷ್ಟು ಸಂಗೀತ ಅವನೂ ಕಲ್ತಿದ್ದಾನಲ್ಲ ಸಾರ್."