ಸತ್ಯಾಂಶ: ಬಿಎಂಐ ಸರಿ ಇದ್ರೆ ಸಾಕಾ?

ನಮ್ ತೀರ್ಥಹಳ್ಳಿ ಕಡೆ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ, ಬಿಎಂಐ 25ರ ಒಳಗಿದ್ರೆ ಶುಗರ್ ಬರೋದೇ ಇಲ್ಲ ಅಂತ. ತಪ್ಪು. ಬಿಎಂಐ ಬರೀ ತೂಕ-ಎತ್ತರದ ಲೆಕ್ಕ, ಕೊಬ್ಬು ಎಲ್ಲಿ ಕೂತಿದೆ ಅಂತ ಅದ್ರಲ್ಲಿ ಗೊತ್ತಾಗಲ್ಲ, ಹೊಟ್ಟೆಯೊಳಗೆ ಲಿವರ್ ಸುತ್ತಮುತ್ತ ಸೇರ್ಕೊಳ್ಳೋ ಕೊಬ್ಬೇ ಇನ್ಸುಲಿನ್ ಕೆಲಸ ಕೆಡಿಸೋದು, ಅದೂ ಭಾರತೀಯರಿಗೆ ಕಡಿಮೆ ತೂಕದಲ್ಲೇ ಶುರುವಾಗತ್ತೆ, ಅದಕ್ಕೇ ನಮಗೆ 23 ದಾಟಿದ್ರೇ ತೂಕ ಜಾಸ್ತಿ ಅಂತ ಲೆಕ್ಕ.

ನಮ್ ಚಿಕ್ಕಪ್ಪ ದಿನಾ ಅಡಿಕೆ ತೋಟದಲ್ಲಿ ಓಡಾಡೋರು, 168 ಸೆಂಟಿಮೀಟರ್ ಎತ್ತರ, 62 ಕೆಜಿ, ಬಿಎಂಐ 22. ಟೈಲರ್ ಟೇಪ್ ಹಿಡಿದು ನೋಡಿದ್ರೆ ಸೊಂಟ 94! ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಪಂಚೆ ಕಟ್ಟೋ ಜಾಗದಲ್ಲಲ್ಲ, ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳ್ಕೊಳ್ದೆ ಅಳೀರಿ. ಜಾಸ್ತಿ ಬಂದ್ರೆ ಕಾಯಿಲೆ ಇದೆ ಅಂತಲ್ಲ, ಶುಗರ್, ಬಿಪಿ ಒಂದ್ಸಲ ಚೆಕ್ ಮಾಡಿಸ್ಕೊಳ್ಳಿ.