ಸೆರಗಲ್ಲಿ ಒರೆಸಿದ ಲೋಟ

ತುಮಕೂರಿನಿಂದ ದೊಡ್ಡಮ್ಮ ಬಂದಿದ್ದರು, ಒಂದು ವಾರ ಇದ್ದು ಹೋಗೋಕೆ. ಬಂದ ದಿನ ಸಂಜೆ ಡಿಕಾಕ್ಷನ್ ಇಳಿಯೋದನ್ನೇ ಕಾಯುತ್ತಾ ಅಡುಗೆಮನೆ ಕಟ್ಟೆಯ ಮೇಲೆ ನಾಲ್ಕು ಸ್ಟೀಲ್ ಲೋಟ ಸಾಲಾಗಿ ಇಟ್ಟಿದ್ದೆ. ದೊಡ್ಡಮ್ಮ ಬಂದು ಅದರಲ್ಲೊಂದನ್ನು ಎತ್ತಿಕೊಂಡರು. ಕಿಟಕಿಯ ಕಡೆ ಹಿಡಿದರು. ಒಳಗೆ ನೋಡಿದರು, ಬುಡ ನೋಡಿದರು. ಏನೂ ಮಾತಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಒಳಗೆ ಎರಡು ಸುತ್ತು ಒರೆಸಿದರು. ಲೋಟವನ್ನು ಇದ್ದ ಜಾಗದಲ್ಲೇ ಇಟ್ಟು ಮುಂದಿನದನ್ನು ಎತ್ತಿಕೊಂಡರು.

ಅದು ಎರಡು ಗಂಟೆ ಬಸ್ಸಲ್ಲಿ ಕೂತು ಬಂದ ಸೀರೆಯ ಸೆರಗು. ನಮ್ಮ ಲೋಟಗಳೋ, ಆಗತಾನೇ ಡಿಶ್‌ವಾಶರಿನಲ್ಲಿ 65 ಡಿಗ್ರಿ ಬಿಸಿನೀರಲ್ಲಿ ಮಿಂದು ಬಂದಿದ್ದವು. ಆದರೂ ನಾಚಿಕೆ ಆಗಿದ್ದು ನನಗೇ. ಬಾಯಿಬಿಟ್ಟು ಬೈದಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ಸೆರಗಿನ ಜೊತೆ ಏನು ವಾದ ಮಾಡೋದು?

ದೊಡ್ಡಮ್ಮನ ತಪ್ಪೇನೂ ಇರಲಿಲ್ಲ. ಲೋಟದ ಒಳಗೆ ಬಿಳೀ ಕರೆ ಇತ್ತು. ಜಿಡ್ಡಲ್ಲ, ಸೋಪಿನ ನೊರೆಯೂ ಅಲ್ಲ. ಮಗುವಿಗೆ ಸ್ನಾನ ಮಾಡಿಸಿ, ಪೌಡರ್ ಹಾಕಿ, ಸರಿಯಾಗಿ ಸವರದೆ ಬಿಟ್ಟ ಹಾಗೆ. ನನಗೆ ಅದು ಎಷ್ಟು ಅಭ್ಯಾಸವಾಗಿತ್ತು ಅಂದರೆ, ಸ್ಟೀಲಿನ ಬಣ್ಣವೇ ಅಷ್ಟು ಅಂದುಕೊಂಡಿದ್ದೆ.

ಮೆಷಿನ್ ತಂದಿದ್ದು 2020ರ ಲಾಕ್‌ಡೌನಿನಲ್ಲಿ. ಕೆಲಸದವರು ಬರೋ ಹಾಗಿಲ್ಲ, ಮನೆಮಂದಿಯೆಲ್ಲ ಮೂರು ಹೊತ್ತೂ ಮನೆಯಲ್ಲೇ, ಸಿಂಕ್ ನೋಡಿದರೆ ಸಂತರ್ಪಣೆ ಮುಗಿದ ಛತ್ರ. ಹಾಗೆ ಎಷ್ಟೋ ಮನೆಗಳು ತಂದವು, ನಾವೂ ತಂದೆವು. ಅಂದಿನಿಂದ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ. "ತೊಳೆದೇ ಹಾಕಬೇಕಂತಲ್ಲ, ಮತ್ಯಾಕೆ ಮೆಷಿನ್ನು?" ಹೇಳಿ ಒಂದು ನಗು ನಗುತ್ತಾರೆ, ಈ ಮಾತು ಲೋಕದಲ್ಲಿ ತಮಗೇ ಮೊದಲು ಹೊಳೆದ ಹಾಗೆ. ಐದಾರು ವರ್ಷದಿಂದ ಕೇಳುತ್ತಿದ್ದೇನೆ, ಕಾಫಿ ಕೊಟ್ಟುಕೊಂಡು ಕೇಳುತ್ತಿದ್ದೇನೆ. ಸ್ವಾಮಿ, ತೊಳೆದು ಹಾಕಬೇಕಾಗಿಲ್ಲ. ಬಳಿದು ಹಾಕಿದರೆ ಸಾಕು. ಕರಿಬೇವು, ಮೆಣಸಿನಕಾಯಿ ತುಂಡು, ನುಗ್ಗೆಕಾಯಿ ಸಿಪ್ಪೆ ಕಸಕ್ಕೆ ಹೋಗಬೇಕು, ಅಷ್ಟೇ. ಮೆಷಿನ್ನಿಗೆ ಹಾಕೋ ಸೋಪಿನ ಮಾತ್ರೆಯೊಳಗೆ ಎಂಜೈಮ್ ಅಂತ ಇರುತ್ತದೆ. ಒಂದು ಬಗೆಯದು ಅನ್ನ, ಆಲೂಗಡ್ಡೆಯ ಗಂಜಿಯನ್ನು ಕರಗಿಸುತ್ತದೆ, ಇನ್ನೊಂದು ಬೇಳೆ, ಹಾಲಿನ ಪ್ರೋಟೀನನ್ನು. ಕೂಲಿಗೆ ಕರೆದು ಕೆಲಸ ಕೊಡದೆ ಕೂರಿಸೋದ್ಯಾಕೆ? ಮುದ್ದೆ ಮಾಡಿದ ಪಾತ್ರೆ ಮಾತ್ರ ಬೇರೆ ಲೆಕ್ಕ. ಒಣಗಿದ ರಾಗಿಹಿಟ್ಟಿಗೆ ಯಾವ ಮೆಷಿನ್ನೂ ಇಲ್ಲ, ನೆನೆಹಾಕಲೇಬೇಕು.

ಇನ್ನು ಅಲ್ಯೂಮಿನಿಯಂ. ಅದನ್ನು ಹಾಕಬಾರದು ಅಂತ ಪುಸ್ತಕದಲ್ಲಿ ಬರೆದಿತ್ತು. ಪುಸ್ತಕ ಯಾರು ಓದುತ್ತಾರೆ? ಅಮ್ಮನ ಹಳೇ ಕುಕ್ಕರನ್ನು ಹಾಕಿದೆ. ಆ ಸೋಪಿನ ಮಾತ್ರೆಯಲ್ಲಿ ಕ್ಷಾರ ಜಾಸ್ತಿ. ಹೊರಗೆ ಬಂದಾಗ ಕುಕ್ಕರ್ ಸೂತಕದವರ ಮುಖದ ಹಾಗೆ ಕಪ್ಪಾಗಿತ್ತು. ಆ ವಿಷಯ ನಮ್ಮ ಮನೆಯಲ್ಲಿ ಈಗಲೂ ಮಾತಾಡೋ ಹಾಗಿಲ್ಲ.

ಈ ಯಂತ್ರವನ್ನು ಬಳಕೆಗೆ ಬರೋ ಹಾಗೆ ಮೊದಲು ಮಾಡಿದವರು ಜೋಸೆಫೀನ್ ಕಾಕ್ರನ್ ಅಂತ, ಅಮೆರಿಕದ ಇಲಿನಾಯ್ ರಾಜ್ಯದ ಹೆಂಗಸು. 1886ರಲ್ಲಿ ಪೇಟೆಂಟ್ ತಗೊಂಡರು, 1893ರ ಶಿಕಾಗೋ ಮೇಳದಲ್ಲಿ ಇಟ್ಟು ತೋರಿಸಿದರು. ಆಳುಗಳು ತೊಳೆಯುವಾಗ ಪಿಂಗಾಣಿ ತಟ್ಟೆಯ ಅಂಚು ಒಡೆಯುತ್ತಿದ್ದದ್ದು ತಡೆಯಲಾರದೆ ಹೊರಟವರಂತೆ. ಅಂಚು ಒಡೆಯೋ ಚಿಂತೆ ನಮಗಿಲ್ಲ. ನಮ್ಮದು ಸ್ಟೀಲು, ಮೂರನೇ ಮಹಡಿಯಿಂದ ಬಿದ್ದರೂ ಸೊಟ್ಟ ಆಗುತ್ತೆ ಅಷ್ಟೇ. ನಮ್ಮ ತೊಂದರೆಯೆಲ್ಲ ನೀರಿನದು.

ನೀರಿನ ಕಥೆ ಹೇಳಲೇಬೇಕು. ಮೆಷಿನ್ ಕೂರಿಸೋಕೆ ಬಂದ ಹುಡುಗ "ಕಾವೇರಿನಾ, ಬೋರಾ ಸಾರ್?" ಅಂದ. "ಎರಡೂ" ಅಂದೆ. ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಯಾವುದೋ ಬಟನ್ ಒತ್ತಿ, ಮಧ್ಯದ ಒಂದು ನಂಬರ್ ಇಟ್ಟು, ಒಟಿಪಿ ತಗೊಂಡು ಹೊರಟುಹೋದ. ಆ ನಂಬರ್ ಏನು ಅಂತ ಗೊತ್ತಾಗೋಕೆ ನನಗೆ ದೊಡ್ಡಮ್ಮನ ಸೆರಗೇ ಬೇಕಾಯಿತು. ಮೆಷಿನ್ನಿನ ಒಳಗೆ ನೀರನ್ನು ಮೆದು ಮಾಡೋ ಸಣ್ಣ ಸಣ್ಣ ಮಣಿಗಳ ಒಂದು ಡಬ್ಬಿ ಇದೆ. ಬೋರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಅದರ ಬದಲಿಗೆ ಸೋಡಿಯಂ ಬಿಡುತ್ತದೆ. ಹಿಡಿದೂ ಹಿಡಿದೂ ಮಣಿಗಳಿಗೆ ಸುಸ್ತಾಗುತ್ತದೆ. ಆಗ ಉಪ್ಪುನೀರು ಹರಿಸಿ ಮತ್ತೆ ಚೇತರಿಸಬೇಕು. ತಳದಲ್ಲಿ ಲಾಳಿಕೆ ಇಟ್ಟು ಉಪ್ಪು ಸುರಿಯೋದು ಅದಕ್ಕೇ. ಎಷ್ಟು ಸಲ ಚೇತರಿಸಬೇಕು ಅನ್ನೋದನ್ನು ತೀರ್ಮಾನಿಸೋದು ಆ ನಂಬರ್. "ಉಪ್ಪು ತಾನೇ, ಕಲ್ಲುಪ್ಪು ಹಾಕು" ಅಂದಳು ಅಮ್ಮ. ಕಲ್ಲುಪ್ಪಲ್ಲಿ ಅದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತೆ. ಪುಡಿ ಉಪ್ಪಲ್ಲಿ ಅಯೋಡಿನ್ನೂ, ಗಂಟು ಕಟ್ಟದಿರಲಿ ಅಂತ ಇನ್ನೇನೋ ಬೆರೆಸಿರುತ್ತಾರೆ. ಅದಕ್ಕೆಂದೇ ಮಾರೋ ದಪ್ಪ ಹರಳಿನ ಉಪ್ಪೇ ಆಗಬೇಕು.

ಆದರೆ ಮೆಷಿನ್ ಕೇಳೋದು ಒಂದೇ ನಂಬರ್. ಬೆಂಗಳೂರಲ್ಲಿ ಒಂದೇ ನೀರು ಎಲ್ಲಿದೆ? ಸೋಮವಾರ ಕಾವೇರಿ, ಅದೂ ತೊರೆಕಾಡನಹಳ್ಳಿಯ ಪಂಪ್ ಹೌಸಿನಿಂದ ಸುಮಾರು 100 ಕಿಲೋಮೀಟರ್ ಬೆಟ್ಟ ಹತ್ತಿ ಬಂದಿದ್ದು. ಬುಧವಾರ ನಮ್ಮದೇ ಬೋರು. ಶನಿವಾರ ಟ್ಯಾಂಕರು, ಅವನು ಎಲ್ಲಿಂದ ತಂದ ಅಂತ ಕೇಳಿದರೆ "ಒಳ್ಳೇ ನೀರು ಸಾರ್" ಅನ್ನೋದೇ ಉತ್ತರ. ಎಲ್ಲ ಸೇರಿ ಸಂಪಿನಲ್ಲಿ ಮಿಶ್ರತಳಿ. 2024ರ ಬೇಸಿಗೆ ನೆನಪಿದೆಯಲ್ಲ, ಕುಡಿಯೋ ನೀರಲ್ಲಿ ಕಾರ್ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು. ಆಗ ಮೂರು ತಿಂಗಳು ಬರೀ ಟ್ಯಾಂಕರ್ ನೀರೇ ಕುಡಿದ ಮೆಷಿನ್ ಇದು. ಆ ವರ್ಷ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಯಿತು, ನಲ್ಲಿಯಲ್ಲಿ ಸ್ವಲ್ಪ ಜಾಸ್ತಿ ಬಂತು, ಆದರೆ ಲೋಟದ ಕರೆ ಹೋಗಲಿಲ್ಲ.

ಆ ಕರೆಯಿಂದ ಒಂದು ಉಪಕಾರ ಆಗಿತ್ತು. ಅದನ್ನು ಹೇಳೋಕೆ ನಮ್ಮ ಪಾತ್ರೆಗಳ ಮೇಲಿನ ಹೆಸರಿನ ವಿಷಯಕ್ಕೆ ಬರಬೇಕು. ಡಿಶ್‌ವಾಶರ್ ಎಲ್ಲೂ ಹೋಗಲ್ಲ, ಅಲ್ಲೇ ಇರುತ್ತೆ.

ನಮ್ಮ ಕಾಲದವರ ಮನೆಯಲ್ಲಿ ಹೆಸರಿಲ್ಲದ ಪಾತ್ರೆ ಇರಲಿಲ್ಲ. ಪಾತ್ರೆ ಅಂಗಡಿಯಲ್ಲಿ ಕೊಂಡ ಮೇಲೆ ಅಲ್ಲೇ ಗಲ್ಲಾ ಪಕ್ಕ ಒಬ್ಬ ಹುಡುಗ ಪೆನ್ನಿನಂಥ ಮೆಷಿನ್ ಹಿಡಿದು ಕೂತಿರುತ್ತಿದ್ದ. ಒಂದು ಚೀಟಿಯಲ್ಲಿ ಹೆಸರು ಬರೆದುಕೊಟ್ಟರೆ ಟರ್ರ್ ಅಂತ ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತಿದ್ದ. ಆ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಅವನಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ಚೀಟಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಇಳಿಸುತ್ತಿದ್ದ. ನಮ್ಮ ಮನೆಯ ಇಡ್ಲಿ ಪಾತ್ರೆಯ ಮೇಲೆ "ಗೃಹಪ್ರವೇಶದ" ಅಂತ ಶುರುವಾಗಿ ಜಾಗ ಸಾಲದೆ "ನೆನ" ಅಂತ ನಿಂತುಬಿಟ್ಟಿದೆ. ಚಿಕ್ಕಪ್ಪನ ಮದುವೆಯಲ್ಲಿ ಬಂದ ಹನ್ನೆರಡು ತಟ್ಟೆಗಳ ಮೇಲೆ ಕೊಟ್ಟವರ ಹೆಸರು ಚಿಕ್ಕಪ್ಪನ ಹೆಸರಿಗಿಂತ ದೊಡ್ಡದಾಗಿದೆ. ಹಳೇ ಪ್ಯಾಂಟು, ಜರಿ ಹೋದ ಸೀರೆಗೆ ಬದಲಾಗಿ ಬೀದಿಯಲ್ಲಿ ತಗೊಂಡ ಬೋಸಿಗೆ ಮಾತ್ರ ಹೆಸರಿಲ್ಲ. ಅಮ್ಮ ಅದನ್ನು ಅನಾಥ ಅಂತಲೇ ಕರೆಯೋದು. "ಆ ಅನಾಥದಲ್ಲಿ ಅಕ್ಕಿ ತೊಳಿ."

ಈ ಹೆಸರು ಬರೆಸೋದೆಲ್ಲ ಪ್ರೀತಿಗೆ ಅಂದುಕೊಂಡರೆ ತಪ್ಪು. ಅದು ಪೊಲೀಸ್ ಕೆಲಸ. ಪಕ್ಕದ ಮನೆಗೆ ಹುಳಿ ಕೊಟ್ಟ ಪಾತ್ರೆ ವಾಪಸ್ಸು ಬರಬೇಕಲ್ಲ. ಖಾಲಿ ಪಾತ್ರೆ ಕೊಡಬಾರದು ಅಂತ ಅವರು ಅದರಲ್ಲಿ ಏನಾದರೂ ಹಾಕಿ ಕೊಡೋವರೆಗೆ ಕಾಯುತ್ತಾರೆ, ನಾವೂ ಕಾಯುತ್ತೇವೆ, ಅಷ್ಟರಲ್ಲಿ ಯಾರಿಗೋ ವರ್ಗ ಆಗುತ್ತದೆ. ಸಮಾರಂಭದ ಮನೆಯಲ್ಲಿ ಸೌಟು ಎಣಿಸಿ ಜಗಳ ಆಡಿದವರನ್ನು ನಾನೇ ನೋಡಿದ್ದೇನೆ. ಹೆಣ್ಣು ಕೊಟ್ಟು ತಂದ ಮನೆಗಳು ಅವು.

ನಮ್ಮ ಕಾಫಿ ಲೋಟಗಳು ಆರು. ಐದರ ಮೇಲೆ ಅಪ್ಪನ ಇನಿಷಿಯಲ್. ಆರನೆಯದರ ಮೇಲೆ ಬೇರೆ ಏನೋ. ನಾನು ಹುಡುಗನಾಗಿದ್ದಾಗಿಂದ ಅದು ನಮ್ಮದೇ. ಸ್ವಲ್ಪ ಎತ್ತರ, ಬಾಯಂಚು ದಪ್ಪ, ಬಿಸಿ ಕಾಫಿ ಹಿಡಿದರೆ ಬೆರಳು ಸುಡಲ್ಲ. ಅದಕ್ಕೇ ಮನೆಯಲ್ಲಿ ಎಲ್ಲರಿಗೂ ಅದೇ ಬೇಕು. ಅಕ್ಷರ ಸವೆದುಹೋಗಿತ್ತು. ಅಪ್ಪ ಅದನ್ನು "ಕೆ.ಪಿ." ಅಂತ ಓದುತ್ತಿದ್ದರು. ಶ್ರೀರಾಮಪುರದ ವಠಾರದಲ್ಲಿ ಅಂಥ ಹೆಸರಿನ ಮೇಷ್ಟ್ರೊಬ್ಬರು ಇದ್ದರಂತೆ, ಅವರ ಮನೆಯದೇ ಇರಬೇಕಂತೆ, ಕೊಡೋಣ ಅಂದರೆ ಅವರು ಎಲ್ಲಿದ್ದಾರೋ ಏನೋ. ಹೀಗೆ ನಲವತ್ತು ವರ್ಷ ಒಬ್ಬ ಮೇಷ್ಟ್ರ ಲೋಟದಲ್ಲಿ, ಸ್ವಲ್ಪ ಪಾಪಪ್ರಜ್ಞೆಯೊಂದಿಗೆ, ತುಂಬಾ ಚೆನ್ನಾಗಿ ಕಾಫಿ ಕುಡಿದೆವು.

ಮೆಷಿನ್ನಿನ ಕರೆ ಮಾಡಿದ್ದೇನು ಅಂದರೆ, ಆ ಚುಕ್ಕಿಗಳ ಒಳಗೆ ಹೋಗಿ ಕೂತುಬಿಟ್ಟಿತ್ತು. ಸ್ಲೇಟಿನ ಮೇಲೆ ಬಳಪದಲ್ಲಿ ಬರೆದ ಹಾಗೆ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತಿದ್ದವು. ನಾನು ದಿನಾ ನೋಡುತ್ತಿದ್ದೆ, ಓದಿರಲಿಲ್ಲ.

ದೊಡ್ಡಮ್ಮ ನಾಲ್ಕನೇ ದಿನ ಬೆಳಿಗ್ಗೆ ಓದಿದರು. ಎಂದಿನ ಹಾಗೆ ಸೆರಗು ಸುತ್ತಿಕೊಂಡು ಲೋಟ ಎತ್ತಿದವರು ಕೈ ನಿಲ್ಲಿಸಿದರು. ಕನ್ನಡಕ ತರಿಸಿಕೊಂಡರು. ಲೋಟವನ್ನು ತಿರುಗಿಸಿ, ಮತ್ತೆ ತಿರುಗಿಸಿ, "ಕೆ.ವಿ., ಎಂಬತ್ತಾರು" ಅಂತ ಗಟ್ಟಿಯಾಗಿ ಓದಿದರು. ಕೆ.ವಿ. ಅಂದರೆ ಅವರ ಮಾವನವರು. ಎಂಬತ್ತಾರು ಅಂದರೆ ತುಮಕೂರಿನ ಮನೆಯ ಗೃಹಪ್ರವೇಶ.

"ಇದು ನನ್ನ ಹನ್ನೆರಡನೇ ಲೋಟ ಕಣೇ" ಅಂದರು ಅಮ್ಮನಿಗೆ.

"ಯಾವ ಲೋಟ?" ಅಂದಳು ಅಮ್ಮ.

"ಹೆಪ್ಪಿಗೆ ಅಂತ ಮೊಸರು ಹಾಕಿಕೊಟ್ಟಿದ್ದೆನಲ್ಲ. ಬೆಂಗಳೂರಲ್ಲಿ ಮೊಸರು ನೀರಾಗುತ್ತೆ, ನಿನ್ನ ಹೆಪ್ಪು ಕೊಡು ಅಂತ ಜೀವ ತಿಂದಿದ್ದೆ ನೀನು. ಬಾಯಿಗೆ ಬಟ್ಟೆ ಕಟ್ಟಿಕೊಟ್ಟೆ. ಬಸ್ಸಲ್ಲಿ ತೊಡೆ ಮೇಲಿಟ್ಟುಕೊಂಡು ಹೋದೆ."

ಅಮ್ಮನಿಗೆ ಆಗಲೇ ಸ್ಟೌ ಮೇಲಿನ ಹಾಲು ಉಕ್ಕುವ ನೆನಪಾಯಿತು. ಎದ್ದು ಹೋದಳು. ಸ್ಟೌ ಮೇಲೆ ಹಾಲು ಇರಲಿಲ್ಲ.

ದೊಡ್ಡಮ್ಮ ಸುಮ್ನೆ ಬಿಡಲಿಲ್ಲ. ಹನ್ನೊಂದು ಲೋಟ ಇಟ್ಟುಕೊಂಡು ಎಷ್ಟು ಹಬ್ಬ ಮಾಡಿದರು, ಹನ್ನೆರಡನೆಯವರಿಗೆ ಪ್ಲಾಸ್ಟಿಕ್ ಲೋಟದಲ್ಲಿ ಕೊಡುವಾಗ ಅತ್ತೆ ಏನೇನು ಅಂದರು, ಯಾವ ನಾದಿನಿಯ ಮೇಲೆ ಎಷ್ಟು ವರ್ಷ ಸಂಶಯ ಪಟ್ಟರು, ಆ ನಾದಿನಿಯ ಮಗಳ ಸೀಮಂತಕ್ಕೆ ಯಾಕೆ ಹೋಗಲಿಲ್ಲ, ಎಲ್ಲ ಬಂತು. ನಾನು ಕಾಫಿ ಆರುತ್ತೆ ಅಂದೆ. "ಆರಲಿ" ಅಂದರು.

ಶನಿವಾರ ಹೊರಟರು. ಲೋಟ ಅವರ ಬ್ಯಾಗಿನಲ್ಲಿ, ಎರಡು ಸೀರೆಗಳ ಮಧ್ಯೆ.

ಅವರು ಹೋದ ಮೇಲೆ ನಾನು ಹಟಕ್ಕೆ ಬಿದ್ದೆ. ಕರೆಯ ಮೇಲೆ ನಿಂಬೆ ಹೋಳು ಉಜ್ಜಿದೆ, ಕರಗಿತು. ಕರಗಿದರೆ ನೀರಿನ ಸುಣ್ಣ ಅಂತ ಅರ್ಥ. ಗಾಜಿನ ಲೋಟಗಳಲ್ಲಿ ಎರಡರದ್ದು ಹೋಗಲಿಲ್ಲ, ಅದು ಗಾಜೇ ಸವೆದದ್ದು, ಯಾವ ನಿಂಬೆಹಣ್ಣೂ ಕೆಲಸ ಮಾಡಲ್ಲ. ನೀರಿನ ಗಡಸುತನ ನೋಡೋ ಕಾಗದದ ಪಟ್ಟಿ ತರಿಸಿ ಸಂಪಿನ ನೀರಲ್ಲಿ ಅದ್ದಿದೆ, 400ರ ಬಣ್ಣಕ್ಕೆ ತಿರುಗಿತು. ಕುಡಿಯೋ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ದಾಟದಿರಲಿ, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ಆಗಬಹುದು ಅನ್ನುತ್ತೆ ಭಾರತೀಯ ಮಾನಕ. ನಾವು ಬೇರೆ ದಾರಿ ಇಲ್ಲದವರು. ನಂಬರನ್ನು ಟ್ಯಾಂಕರಿನ ಲೆಕ್ಕಕ್ಕೆ ಏರಿಸಿದೆ. ಉಪ್ಪು ತುಂಬಿದೆ. ನೀರು ಹನಿ ಹನಿಯಾಗಿ ನಿಲ್ಲದೆ ಜಾರಿಹೋಗಲಿ ಅಂತ ಹಾಕೋ ರಿನ್ಸ್ ಏಡ್, ಅದರ ಡಬ್ಬಿ ಖಾಲಿಯಾಗಿ ಎಷ್ಟು ಕಾಲವಾಗಿತ್ತೋ, ಅದನ್ನೂ ತುಂಬಿದೆ. ಫಿಲ್ಟರ್ ಬಿಚ್ಚಿದೆ. ಅದು ಸರಿಯಾಗಿ ಕೂತೇ ಇರಲಿಲ್ಲ. ನೀರು ಚಿಮ್ಮಿಸುತ್ತಾ ತಿರುಗೋ ರೆಕ್ಕೆ ಇದೆಯಲ್ಲ, ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಲಕಿ ಸದ್ದು. ಒಂದೊಂದು ತೂತಿನಲ್ಲೂ ಒಂದೊಂದು ಸಾಸಿವೆ ಕಾಳು, ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತ್ತು. ಕಡ್ಡಿಯಲ್ಲಿ ಚುಚ್ಚಿ ಹದಿನಾಲ್ಕು ತೆಗೆದೆ. ನಮ್ಮ ಒಗ್ಗರಣೆಯನ್ನು ನೋಡದೆ ಮಾಡಿದ ಯಂತ್ರ, ಇನ್ನೇನು ಹೇಳೋದು. ಲೋಟಗಳನ್ನು ಬೋರಲು ಹಾಕುವಾಗ ಕೊಂಚ ಓರೆ ಮಾಡಿದೆ, ಬುಡದ ಗುಂಡಿಯಲ್ಲಿ ನೀರು ನಿಲ್ಲದ ಹಾಗೆ.

ಫಳಫಳ. ನಿಜವಾಗಿ ಫಳಫಳ. ಕಿಟಕಿ ಕಡೆ ಹಿಡಿದು ನೋಡಿದರೆ ನನ್ನ ಮೂಗಿನ ಕೂದಲು ಕಾಣುತ್ತೆ. ತೋರಿಸೋಣ ಅಂದರೆ ದೊಡ್ಡಮ್ಮ ತುಮಕೂರಲ್ಲಿ, ನಮ್ಮಲ್ಲಿ ಉಳಿದದ್ದು ಐದು ಲೋಟ, ಐದೂ ಕೈ ಸುಡುವಂಥವು.

ಮೊನ್ನೆ ಅವರ ಫೋನು. ಲೋಟ ಸಿಕ್ಕಿದ ಮೇಲೆ ಇನ್ನೂ ಏನೇನೋ ನೆನಪಾಗಿದೆಯಂತೆ. ಎರಡು ಬಟ್ಟಲಿನ ಒಂದು ಟಿಫನ್ ಕ್ಯಾರಿಯರ್, ಹಿಡಿ ಸ್ವಲ್ಪ ಸೊಟ್ಟ, ಎಂಬತ್ತೊಂಬತ್ತರದ್ದು. "ನಿಮ್ಮನೇಲೇ ಇರಬೇಕು, ಮೇಲೆ ಹೆಸರಿದೆ, ನೋಡೋ."

ಅಟ್ಟದಿಂದ ಇಳಿಸಿದೆ. ಹಿಡಿ ಸೊಟ್ಟವೇ ಇತ್ತು. ತಿಂಗಳಿಗೊಮ್ಮೆ ಮೆಷಿನ್ನಿಗೆ ಹೋಗಿ ಬರುವ ಕ್ಯಾರಿಯರ್ ಅದು, ಮೊನ್ನೆ ಹೋಗಿ ಬಂದಿತ್ತು. ಚುಕ್ಕಿಗಳೇನೋ ಇದ್ದವು. ಕಣ್ಣಿಗೆ ಹೊಡೆಯುವ ಹೊಳಪಿನಲ್ಲಿ ಒಂದಕ್ಷರವೂ ಓದೋಕಾಗಲಿಲ್ಲ.

"ಏನಂತೆ?" ಅಂದಳು ಅಮ್ಮ, ಟೀವಿಯಿಂದ ಕಣ್ಣು ತೆಗೆಯದೆ.

"ಟಿಫನ್ ಕ್ಯಾರಿಯರ್ ಇದೆಯಾ ಅಂತೆ."

"ಇಲ್ಲ ಅನ್ನು."