ಮನೆಯ ನೆನಪಿಗೆ ಕತ್ತರಿ-ಅಂಟಿನ ಪುಸ್ತಕವೇ ಬೇಕೆ?

ಮನೆಯ ನೆನಪನ್ನು ಕಾಗದದ ಪುಸ್ತಕದಲ್ಲಿ ಅಂಟಿಸಿ ಇಡಬೇಕೆ, ಸ್ಕ್ಯಾನ್ ಮಾಡಿ ಫೋನು-ಡಿಸ್ಕಿನಲ್ಲಿ ಇಡಬೇಕೆ? ಬಾಗಲಕೋಟೆಯ ಒಂದೇ ಮನೆಯ ವೈನಿ (ಅಣ್ಣನ ಹೆಂಡತಿ) ಮತ್ತು ಮೈದುನನ ನಡುವೆ ನಾಲ್ಕು ವರ್ಷದಿಂದ ನಡೆದಿರುವ ಜಗಳ ಇದು. ಮೊದಲು ವೈನಿ ಬರೆದರು. ಅದನ್ನು ಓದಿ ಮೈದುನ ಬರೆದರು.

ಪರ: ಮುಟ್ಟಿದರೆ ಗಾಜು ಸಿಗಬಾರದು

ನಮ್ಮ ಮನೆಯ ಪುಸ್ತಕದ ಮೊದಲ ಪುಟದಲ್ಲಿ ಫೋಟೊ ಇಲ್ಲ. ನಮ್ಮ ಅತ್ತೆಯವರ ಕುಪ್ಪಸದಿಂದ ಕತ್ತರಿಸಿದ ಗುಳೇದಗುಡ್ಡ ಖಣದ ತುಣುಕಿದೆ. ಎರಡು ಬೆರಳಗಲ, ಅಷ್ಟೇ. ಮೊಮ್ಮಗಳು ಪುಸ್ತಕ ತೆರೆದ ಕೂಡಲೇ ಅದರ ಮೇಲೆ ಬೆರಳಾಡಿಸುತ್ತಾಳೆ. ನೇಯ್ಗೆಯ ಸಣ್ಣ ಉಬ್ಬು ಕೈಗೆ ಹತ್ತುತ್ತದೆ. ಅದೇ ಖಣದ ಫೋಟೊ ಮೈದುನನ ಫೋನಿನಲ್ಲೂ ಇದೆ. ಬಣ್ಣ ಇನ್ನೂ ಚೆಂದ ಬಂದಿದೆ. ಆದರೆ ಮುಟ್ಟಿದರೆ ಗಾಜು.

ಪುಸ್ತಕ ಎಂದರೆ ಅಂಗಡಿಯ ಚೆಂದದ ಆಲ್ಬಮ್ ಅಲ್ಲ. ಮಾವನವರು ಅರ್ಧ ಬರೆದು ಬಿಟ್ಟಿದ್ದ ಉದ್ದನೆಯ ಲೆಕ್ಕದ ರಿಜಿಸ್ಟರ್. ಅದರ ಮೊದಲರ್ಧದ ಪುಟಗಳಲ್ಲಿ ಜೋಳ, ಶೇಂಗಾ, ಆಳಿನ ಪಗಾರ. ಅದು ಮುಗಿದ ಕಡೆಯಿಂದ ನಮ್ಮದು ಶುರು, ನಾನು ಮೊದಲ ಪುಟ ಅಂದದ್ದು ಅದನ್ನೇ. ಆ ಲೆಕ್ಕದ ಪುಟಗಳನ್ನು ಕಿತ್ತು ಹಾಕಿ ಅಂತ ಹಲವರು ಹೇಳಿದರು. ಯಾಕೆ ಕೀಳಬೇಕು? ಅವೂ ನಮ್ಮ ಮನೆಯವೇ ಅಲ್ವಾ?

ಹಳೇ ಊರಿನ ಮನೆ ಈಗಿಲ್ಲ. ಆಲಮಟ್ಟಿ ಜಲಾಶಯದಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸುತ್ತಾರೆ. ಆ ಲೆಕ್ಕದಲ್ಲಿ ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗಡೆಗೆ ಹೋದವು, ನಾವು ನವನಗರದ ಸೆಕ್ಟರಿಗೆ ಬಂದೆವು. ಬರುವಾಗ ಮಾವನವರು ಬಾಗಿಲು, ತೊಲೆ, ಕಿಟಕಿ ಬಿಚ್ಚಿಸಿ ತಂದರು. ನಾನು ತಂದದ್ದು ಒಂದು ಟ್ರಂಕು ಕಾಗದ. ನೀರಿನ ಕರದ ರಸೀದಿ, ಲಗ್ನಪತ್ರಿಕೆಗಳು, ಹೋಳಿಯಲ್ಲಿ ಬಣ್ಣದ ಬಂಡಿಯ ಮುಂದೆ ಮುಖ ಗುರುತೇ ಸಿಗದಂತೆ ನಿಂತ ಹುಡುಗರ ಫೋಟೊ. ನಮ್ಮ ಮೈದುನನೂ ಅದರಲ್ಲಿ ಇದ್ದಾನಂತೆ. ಯಾವನು ಅಂತ ಅವನಿಗೇ ಗೊತ್ತಿಲ್ಲ.

12ನೇ ಪುಟದಲ್ಲಿ ನಮ್ಮ ಓಣಿಯ ನಕ್ಷೆ ಇದೆ. ನಾನೇ ಪೆನ್ಸಿಲ್ಲಿನಲ್ಲಿ ಬರೆದದ್ದು. ಯಾರ ಮನೆ ಎಲ್ಲಿ, ಕಟ್ಟೆ ಎಲ್ಲಿ, ಬೇವಿನ ಮರ ಎಲ್ಲಿ. ಹಳೇ ನೆರೆಯವರು ಈಗ ಬೇರೆ ಬೇರೆ ಸೆಕ್ಟರಿನಲ್ಲಿದ್ದಾರೆ. ಬಂದಾಗ ಚಹಾದ ಜೊತೆ ಪುಸ್ತಕವನ್ನೂ ಮುಂದೆ ಇಡುತ್ತೇನೆ. "ಇಲ್ಲೊಂದು ಹಿಟ್ಟಿನ ಗಿರಣಿ ಇತ್ತಲ್ರೀ, ಬಿಟ್ಟೀರಲ್ಲ" ಎಂದು ಒಬ್ಬರು ಪೆನ್ನು ಇಸಿದುಕೊಂಡು ತಾವೇ ಗಿರಣಿ ಬರೆದರು. ಇನ್ನೊಬ್ಬರು ಬಂದು ಗಿರಣಿ ಆ ಕಡೆ ಅಲ್ಲ, ಈ ಕಡೆ ಎಂದು ಬಾಣ ಹಾಕಿದರು. ಈಗ ಆ ಪುಟದಲ್ಲಿ ಐದು ಜನರ ಕೈಬರಹ, ಮೂರು ಬಣ್ಣದ ಶಾಯಿ. ಅವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಅವರ ಮನೆಯವರು ಬಂದರೆ ಆ ಅಕ್ಷರವನ್ನೇ ನೋಡುತ್ತ ಕೂರುತ್ತಾರೆ.

ಫೋನಿನಲ್ಲಿ ಆಗದ್ದು ಇನ್ನೊಂದಿದೆ. ಆರಿಸುವುದು. ಹೋದ ವರ್ಷ ನಮ್ಮ ಮನೆಯ ಒಂದು ಮದುವೆಯಲ್ಲಿ ಮೈದುನ ಒಬ್ಬನೇ 900 ಫೋಟೊ ತೆಗೆದ. ನನ್ನ ಪುಸ್ತಕದಲ್ಲಿ ಮದುವೆಗೆ ಎರಡು ಪುಟ. ಹಿಡಿಯುವುದು ಏಳು ಫೋಟೊ. ಯಾವ ಏಳು ಅಂತ ಮೂರು ಸಂಜೆ ವಾದ ಆಯಿತು. ಆ ವಾದದಲ್ಲೇ ಗೊತ್ತಾಯಿತು, ಸುರಗಿ ನೀರಿನ ಹೊತ್ತಿಗೆ ಅತ್ತವರು ಯಾರು, ಊಟಕ್ಕೆ ಮುನಿಸಿಕೊಂಡು ಹೋದವರು ಯಾರು. ಅದನ್ನೆಲ್ಲ ಫೋಟೊದ ಕೆಳಗೆ ಬರೆದೆವು. ಮುನಿಸಿಕೊಂಡವರ ಹೆಸರು ಬಿಟ್ಟೆವು. ಆ 900ರಲ್ಲಿ ಉಳಿದ 893ನ್ನು ಇವತ್ತಿಗೂ ಯಾರೂ ಎರಡನೇ ಸಲ ನೋಡಿಲ್ಲ.

ಕಾಗದ ಕೆಡುತ್ತದೆ ಅಂತ ಮೈದುನ ಹೇಳುತ್ತಾನೆ. ಹೌದು, ಕೆಡುತ್ತದೆ. ಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದರೆ ಹಳದಿಯಾಗಿ ಮುರಿಯುತ್ತದೆ. ಅದಕ್ಕೇ ಪತ್ರಿಕೆಯ ತುಣುಕನ್ನು ಒಳ್ಳೆಯ ಕಾಗದದ ಮೇಲೆ ಝೆರಾಕ್ಸ್ ಮಾಡಿಸಿ ಅಂಟಿಸುತ್ತೇನೆ. ಈಗಿನ ಬಸ್ ಟಿಕೆಟ್ ಶಾಖಕ್ಕೆ ಕಪ್ಪಾಗುವ ಕಾಗದ. ನಮ್ಮ ಬಿಸಿಲಿಗೆ ಒಂದು ಬೇಸಿಗೆ ಸಾಕು, ಅಕ್ಷರ ಮಾಯ. ಅದನ್ನೂ ಝೆರಾಕ್ಸ್ ಮಾಡಿಸಬೇಕು. ಸೆಲ್ಲೊ ಟೇಪ್ ಬೇಡವೇ ಬೇಡ, ಕೆಲವು ವರ್ಷಕ್ಕೆ ಕಂದು ಕಲೆ ಬಿಟ್ಟು ತಾನು ಉದುರುತ್ತದೆ. ಮೈದಾ ಅಂಟಿಗೆ ಹುಳು ಬರುತ್ತದೆ. ಫೋಟೊ ಆದರೆ ನಾಲ್ಕು ಮೂಲೆಗೆ ಕಾಗದದ ಕಿಸೆ ಮಾಡಿ ಸಿಕ್ಕಿಸುತ್ತೇನೆ. ಅಂಟಿನ ಕಾಟ ಹೊಸದಲ್ಲ. ಮಾರ್ಕ್ ಟ್ವೇನ್ ಎಂಬ ಅಮೆರಿಕದ ಲೇಖಕ 1873ರಲ್ಲಿ ಅಂಟು ಮೊದಲೇ ಹಚ್ಚಿದ ಪುಟಗಳ ಪುಸ್ತಕಕ್ಕೆ ಪೇಟೆಂಟ್ ತೆಗೆದುಕೊಂಡಿದ್ದರು. ಪಾಪ, ಅವರ ಕೈಗೂ ಅಂಟು ಹತ್ತಿರಬೇಕು.

ಇನ್ನು ಡಿಜಿಟಲ್ ಶಾಶ್ವತ ಎನ್ನುವ ಮಾತು. ಆರ್ಕುಟ್ ಎಂಬ ಜಾಲತಾಣದಲ್ಲಿ ನನ್ನ ಮಗ ಆಲ್ಬಮ್ ಮಾಡಿದ್ದ. 2014ರಲ್ಲಿ ಆರ್ಕುಟ್ಟೇ ಮುಚ್ಚಿತು. ಫೋಟೊ ಇಡುವ ಪಿಕಾಸಾ 2016ರಲ್ಲಿ ನಿಂತಿತು. ನನ್ನ ಬೀಳ್ಕೊಡುಗೆಗೆ ಶಾಲೆಯವರು ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಕೊಟ್ಟ ಅಭಿನಂದನೆಯ ಫೈಲು ಈಗಿನ ಫೋನಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆ. ಫ.ಗು. ಹಳಕಟ್ಟಿಯವರು ವಚನದ ತಾಳೆಗರಿ ಹುಡುಕಿಕೊಂಡು ಹೊರಟಾಗ ಅವು ಜನರ ಮನೆಗಳಲ್ಲಿ ಬಟ್ಟೆ ಸುತ್ತಿಕೊಂಡು ಕೂತಿದ್ದವು. ಯಾರೂ ಪಾಸ್‌ವರ್ಡ್ ಕೇಳಲಿಲ್ಲ.

ವಿರೋಧ: ಒಂದೇ ಪ್ರತಿ ಎಂದರೆ ಇಲ್ಲದ ಹಾಗೆ

ಪಾಸ್‌ವರ್ಡಿನ ಮಾತು ಓದಿ ನಾನೂ ನಕ್ಕೆ. ವೈನಿಯವರ ಪುಸ್ತಕ ನನಗೂ ಇಷ್ಟ. ಗಿರಣಿ ಯಾವ ಕಡೆ ಇತ್ತು ಎಂಬ ಜಗಳದಲ್ಲಿ ನಾನೂ ಸೇರಿದ್ದೇನೆ. ಆದರೆ ಹಳಕಟ್ಟಿಯವರ ಕಥೆಯನ್ನು ಅವರು ಅರ್ಧಕ್ಕೇ ನಿಲ್ಲಿಸಿದ್ದಾರೆ. ಹಳಕಟ್ಟಿಯವರು ತಾಳೆಗರಿಯನ್ನು ತಂದು ಮತ್ತೆ ಬಟ್ಟೆ ಸುತ್ತಿ ಇಡಲಿಲ್ಲ. ಪ್ರತಿ ಮಾಡಿದರು, ಅಚ್ಚು ಹಾಕಿಸಿದರು. 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಎಂಬ ಮುದ್ರಣಾಲಯವನ್ನೇ ಹಾಕಿದರು. ವಚನ ನಮ್ಮ ಮನೆಮನೆಗೆ ಬಂದದ್ದು ಗರಿಯಿಂದಲ್ಲ, ಪ್ರತಿಯಿಂದ. ಮನೆಮನೆಗಳಲ್ಲಿ ಹುಳು ತಿಂದು ಹೋದ ಗರಿಗಳಲ್ಲಿ ಏನಿತ್ತು ಅಂತ ಈಗ ಯಾರು ಹೇಳಬೇಕು?

2019ರ ಆಗಸ್ಟಿನಲ್ಲಿ ಘಟಪ್ರಭಾ ಉಕ್ಕಿದಾಗ ಮುಧೋಳ ತಾಲ್ಲೂಕಿನಲ್ಲಿ ನನ್ನ ಹೆಂಡತಿಯ ತವರಿಗೂ ನೀರು ನುಗ್ಗಿತು. ದನ ಬಿಚ್ಚಿದರು, ಕಾಳಿನ ಚೀಲ ಮಾಳಿಗೆಗೆ ಏರಿಸಿದರು. ಆಲ್ಬಮ್ ಯಾರಿಗೆ ನೆನಪಾಗಬೇಕು? ನೀರು ಇಳಿದ ಮೇಲೆ ಕೆಸರಿನಲ್ಲಿ ಸಿಕ್ಕಿತು. ನಮ್ಮ ಅತ್ತೆ ಅದನ್ನು ಒಳ್ಳೆಯ ಮನಸ್ಸಿನಿಂದ ಬಿಸಿಲಿಗೆ ಇಟ್ಟರು. ತಪ್ಪಾದದ್ದು ಅಲ್ಲೇ. ಫೋಟೊದ ಮೇಲ್ಮೈಯಲ್ಲಿ ಜಿಲೆಟಿನ್ ಪದರ ಇರುತ್ತದೆ. ಒದ್ದೆಯಾದಾಗ ಅದು ಮೆತ್ತಗಾಗುತ್ತದೆ, ಒತ್ತಿಕೊಂಡೇ ಒಣಗಿದರೆ ಪಕ್ಕದ ಫೋಟೊಕ್ಕೆ ಬೆಸೆದುಕೊಳ್ಳುತ್ತದೆ. ಒದ್ದೆ ಇರುವಾಗಲೇ ಸ್ವಚ್ಛ ತಣ್ಣೀರಿನಲ್ಲಿ ಒಂದೊಂದಾಗಿ ಬಿಡಿಸಿ, ಮುಖ ಮೇಲೆ ಮಾಡಿ, ನೆರಳಿನಲ್ಲಿ ಹರಡಬೇಕಿತ್ತು. ಎರಡು ದಿನದೊಳಗೆ ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ಇಡಬಹುದು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ಐವತ್ತು ವರ್ಷದ ಮನೆತನ ಒಂದು ಇಟ್ಟಿಗೆಯಾಗಿತ್ತು. ಬದುಕಿದ್ದು, ಹಿಂದೊಮ್ಮೆ ಮದುವೆಯೊಂದರಲ್ಲಿ ನಾನು ಸುಮ್ನೆ ಫೋನಿನಲ್ಲಿ ತೆಗೆದುಕೊಂಡಿದ್ದ ಆ ಆಲ್ಬಮಿನ ಹನ್ನೊಂದು ಪುಟದ ಚಿತ್ರ.

ಪುಸ್ತಕ ಇರುವುದು ಒಂದು. ನಾವು ಅಣ್ಣತಮ್ಮಂದಿರು ಮೂವರು. ಒಬ್ಬರು ಇಲ್ಲಿ, ಒಬ್ಬರು ಪುಣೆಯಲ್ಲಿ, ನಾನು ವಿಜಯಪುರದಲ್ಲಿ. ಹೊಲವನ್ನು ವಾಟ್ನಿ ಮಾಡಬಹುದು. ಪುಸ್ತಕವನ್ನು ಹೇಗೆ ಮಾಡುವುದು? ಪುಣೆಯ ಅಣ್ಣನ ಮಕ್ಕಳು ಓಣಿಯ ಆ ನಕ್ಷೆಯನ್ನು ಒಂದೇ ಸಲ ನೋಡಿದ್ದಾರೆ.

ಈಗ ನಾನು ಮಾಡುವ ಕೆಲಸ ಹೇಳುತ್ತೇನೆ. ಫೋಟೊವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡುತ್ತೇನೆ, ಕಾಗದಪತ್ರಕ್ಕೆ 300 ಸಾಕು. ಮುಂದೆ-ಹಿಂದೆ ಎರಡೂ ಕಡೆ. ಫೈಲಿನ ಹೆಸರು ವರ್ಷದಿಂದ ಶುರು: 1987-05, ಆಮೇಲೆ ಊರು, ಆಮೇಲೆ ಸಂದರ್ಭ. ಹೀಗೆ ಇಟ್ಟರೆ ಫೋಲ್ಡರ್ ತಾನೇ ತಾರೀಖಿನ ಸಾಲಿಗೆ ನಿಲ್ಲುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಬೇಡಿ, ಅದು ಹಿಂಡಿ ಸಣ್ಣದು ಮಾಡುತ್ತದೆ, ತೆಗೆದ ತಾರೀಖಿನ ಮಾಹಿತಿಯೂ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದದ್ದು ಇದ್ದ ಹಾಗೇ ತಲುಪುತ್ತದೆ. ಪ್ರತಿ ಮೂರು, ಎರಡು ಬೇರೆ ಬಗೆಯ ಜಾಗದಲ್ಲಿ, ಒಂದು ಬೇರೆ ಊರಿನಲ್ಲಿ. ನನ್ನ ಒಂದು ಹಾರ್ಡ್ ಡಿಸ್ಕ್ ಪುಣೆಯಲ್ಲಿದೆ, ಇನ್ನೊಂದು ನನ್ನ ಕಪಾಟಿನಲ್ಲಿ, ಮೂರನೆಯ ಪ್ರತಿ ಕ್ಲೌಡ್‌ನಲ್ಲಿ, ಅಂದರೆ ಅಂತರ್ಜಾಲದ ಮೇಲೆ. ಗೂಗಲ್‌ನ 15 ಜಿಬಿ ಪುಕ್ಕಟೆ, ಅದರೊಳಗೆ ಇಮೇಲೂ ಬರುತ್ತದೆ. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಅವರು ಅಳಿಸಬಹುದು. ಅದಕ್ಕೇ ಅದನ್ನೊಂದನ್ನೇ ನಂಬಿ ಕೂರುವುದಿಲ್ಲ.

ಆರ್ಕುಟ್ ಹೋಯಿತು, ನಿಜ. ಇನ್ನೊಬ್ಬರ ಕಟ್ಟೆಯ ಮೇಲೆ ಇಟ್ಟ ಗಂಟು ಅದು. ನುಡಿ, ಬರಹದಂಥ ತಂತ್ರಾಂಶಗಳ ಹಳೇ ಫಾಂಟಿನ ಕಡತವನ್ನು ಈಗಿನ ಫೋನುಗಳಿಗೆ ಓದಬರುವ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ವೈನಿಯವರ ಅಭಿನಂದನೆಯನ್ನು ನಾನೇ ಹತ್ತು ನಿಮಿಷದಲ್ಲಿ ತಿರುಗಿಸಿ ಕೊಟ್ಟೆ. ಅದನ್ನು ಅವರು ಪ್ರಿಂಟ್ ತೆಗೆಸಿ ಪುಸ್ತಕಕ್ಕೆ ಹಾಕಿದರು, ಇಲ್ಲಿ ಬರೆಯಲಿಲ್ಲ.

ಖಣದ ಉಬ್ಬಿನ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ಆದರೆ ಹೋಳಿಯ ಹಲಗೆಯ ಸದ್ದನ್ನು ಯಾವ ಪುಟಕ್ಕೆ ಅಂಟಿಸುತ್ತಾರೆ? ಒಂದು ಫೋಟೊ ಹಿಡಿದುಕೊಂಡು ಅವ್ವ ಮಾತಾಡಿದ್ದನ್ನು ನಾನು ಫೋನಿನಲ್ಲಿ ತುಂಬಿಕೊಂಡಿದ್ದೇನೆ. ಆರು ನಿಮಿಷ. ನಡುವೆ ಒಲೆಯ ಮೇಲಿನ ಹಾಲು ಉಕ್ಕುತ್ತದೆ, ಅವ್ವ ಯಾರಿಗೋ ಬೈಯುತ್ತಾಳೆ, ಮತ್ತೆ ಕಥೆಗೆ ಬರುತ್ತಾಳೆ. ಆ ಬೈಗುಳ ಇಲ್ಲದಿದ್ದರೆ ಅದು ಅವ್ವನ ದನಿ ಅಂತ ನನಗೆ ಅನ್ನಿಸುತ್ತಿರಲಿಲ್ಲ.

900 ಫೋಟೊದ ಮಾತು ಚುಚ್ಚಿತು. ನನ್ನ ಹತ್ತಿರ ಹೆಸರಿಲ್ಲದ ಫೋಟೊಗಳು ಸಾವಿರಗಟ್ಟಲೆ ಇವೆ. ಈಗ ತಿಂಗಳಿಗೆ ಒಂದು ಭಾನುವಾರ ಕೂತು ಅಳಿಸುತ್ತೇನೆ. ಅಳಿಸುವುದು ಅಂಟಿಸುವುದಕ್ಕಿಂತ ಕಷ್ಟ, ಇದನ್ನು ವೈನಿ ಒಪ್ಪುವುದಿಲ್ಲ.

ನನ್ನ ನಿಜವಾದ ಸಿಟ್ಟು ಪ್ರವಾಹದ ಮೇಲೂ ಅಲ್ಲ, ಹುಳದ ಮೇಲೂ ಅಲ್ಲ. ಅಂಟಿನ ಮೇಲೆ. ಮೂಲೆಗೆ ಕಿಸೆ ಮಾಡುವ ಜಾಣತನ ವೈನಿಗೆ ಬಂದದ್ದು ಇಪ್ಪತ್ತನೇ ಪುಟದ ನಂತರ. ಅದಕ್ಕೂ ಮೊದಲಿನ ಫೋಟೊಗಳನ್ನು ಬೆನ್ನಿಗೆಲ್ಲ ಗೋಂದು ಹಚ್ಚಿ ಕೂರಿಸಿದ್ದಾರೆ. 14ನೇ ಪುಟದಲ್ಲಿ ನನ್ನ ಜಾವಳದ ಫೋಟೊ ಇದೆ. ಬೋಳುತಲೆ, ಅಳುಮೋರೆ, ಮುತ್ಯಾನ ತೊಡೆಯ ಮೇಲೆ. ಮುತ್ಯಾ ಪ್ರತಿ ಫೋಟೊದ ಹಿಂದೆ ಏನಾದರೂ ಬರೆದಿಡುತ್ತಿದ್ದರು. ಅದನ್ನು ಸ್ಟೀಮ್ ಕೊಟ್ಟು ಕೀಳೋಣ ಅಂದರೆ ಚಿತ್ರವೇ ಎದ್ದು ಬಂದೀತು ಅಂತ ಭಯ.

ಹೋದ ತಿಂಗಳು ಕೋಣೆ ಕತ್ತಲು ಮಾಡಿ, ಆ ಪುಟವನ್ನು ಎತ್ತಿ ಹಿಡಿದು, ಫೋಟೊದ ಮುಖಕ್ಕೆ ಟಾರ್ಚ್ ಬಿಟ್ಟು ಹಿಂದಿನಿಂದ ನೋಡಿದೆ. ಮುತ್ಯಾನ ಅಕ್ಷರದ ನೆರಳು ಕಾಣಿಸಿತು. "ಮಂಗಳವಾರ" ಎಂಬುದನ್ನು ಓದಬಹುದು. ಅದರ ಕೆಳಗೆ ಇನ್ನೂ ಎರಡು ಸಾಲು ಇವೆ. ಅವು ಗೋಂದಿನಲ್ಲಿ ಮುಳುಗಿವೆ.